ಸುಣ್ಣವಿಲ್ಲದ ನೀರು, ಸುಣ್ಣ ಬೇಡುವ ಮಣ್ಣು



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೊಸ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಈಗ ಒಂದು ಯಂತ್ರ ಕಾಣಿಸುತ್ತಿದೆ. ಎದೆಯೆತ್ತರದ ಉರುಟು ಪೀಪಾಯಿ, ಅದರ ನೆತ್ತಿಗೊಂದು ಕವಾಟ, ಪಕ್ಕದಲ್ಲಿ ಉಪ್ಪು ತುಂಬುವ ಡಬ್ಬ. ವಾಟರ್ ಸಾಫ್ಟನರ್ ಎಂದು ಅದರ ಹೆಸರು. ಬೆಂಗಳೂರಿನಲ್ಲಿ ನೌಕರಿಗಿರುವ ಮಕ್ಕಳು ಅಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಇದರ ಉಪಯೋಗ ಕಂಡಿರುತ್ತಾರೆ. ಊರಿನ ಮನೆ ರಿಪೇರಿ ಮಾಡಿಸುವಾಗ ಅಪ್ಪ ಅಮ್ಮನಿಗೂ ಒಂದಿರಲಿ ಎಂದು ಕೂರಿಸಿ ಹೋಗುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸ ಅದು, ಸಂದೇಹವಿಲ್ಲ. ಆದರೆ ಆ ಯಂತ್ರ ಯಾವುದನ್ನು ತೆಗೆಯಲಿಕ್ಕೆಂದು ಹುಟ್ಟಿತೋ ಅದು ನಮ್ಮ ಬಾವಿಗಳಲ್ಲಿ, ಅಬ್ಬಿಗಳಲ್ಲಿ ಹೇಳಿಕೊಳ್ಳುವಷ್ಟು ಇಲ್ಲ. ನಮ್ಮ ನೀರಿಗೆ ಬೇರೆ ತೊಂದರೆಗಳಿವೆ, ಅವಕ್ಕೆ ಬೇರೆ ಮದ್ದು ಇದೆ. ಆ ಪೀಪಾಯಿಯೊಳಗೆ ನಡೆಯುವ ಕೆಲಸವೇನೋ ಅಪೂರ್ವವಾದದ್ದು, ತಿಳಿದುಕೊಳ್ಳಲೇಬೇಕಾದದ್ದು. ಅದು ನಮ್ಮ ಅಡಿಕೆ ತೋಟದ ಮಣ್ಣಿನಲ್ಲಿ ಪ್ರತಿದಿನ ನಡೆಯುತ್ತಲೇ ಇದೆ. ಈ ಎರಡು ಸಂಗತಿಗಳನ್ನು ಜೋಡಿಸಿ ಇವತ್ತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

ಮೊದಲು ಗಡಸು ನೀರಿನ ವಿಚಾರ. ಬಯಲುಸೀಮೆಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿತ್ರದುರ್ಗ, ಕೋಲಾರ, ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ. ಬಿಳಿ ಬಟ್ಟೆ ನಾಲ್ಕು ಒಗೆತಕ್ಕೆ ಬೂದಿಬಣ್ಣಕ್ಕೆ ತಿರುಗುತ್ತದೆ. ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಚಕ್ಕೆ ಕಟ್ಟುತ್ತದೆ. ತೊಗರಿಬೇಳೆ ಒಂದು ಗಂಟೆ ಕುದಿಸಿದರೂ ಇಡಿ ಇಡಿಯಾಗಿಯೇ ಉಳಿಯುತ್ತದೆ. ಮಲೆನಾಡಿನಿಂದ ಆ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಾಗ ಮೊದಲು ಹೇಳುವ ಮಾತೇ ಇದು: ಅಲ್ಲಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ.

ಇಷ್ಟಕ್ಕೂ ಕಾರಣ ನೀರಿನಲ್ಲಿ ಕರಗಿರುವ ಎರಡು ಧಾತುಗಳು, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಎರಡೂ ನೀರಿನಲ್ಲಿ ವಿದ್ಯುದಂಶ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ ಇರುತ್ತವೆ. ಸೋಪಿನಲ್ಲಿರುವುದು ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಅದು ಕ್ಯಾಲ್ಸಿಯಂ ಕಂಡ ಕೂಡಲೇ ಸೋಡಿಯಂ ಬಿಟ್ಟು ಅದನ್ನು ಹಿಡಿದು, ಕರಗದ ಜಿಗುಟಾಗಿ ಬಿಡುತ್ತದೆ. ನೀರಿನಲ್ಲಿದ್ದ ಕ್ಯಾಲ್ಸಿಯಂ ಎಲ್ಲ ಹೀಗೆ ಮುಗಿಯುವ ತನಕ ನೊರೆಯ ಮಾತಿಲ್ಲ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿಗೂ ಕ್ಯಾಲ್ಸಿಯಂ ಸೇರಿಕೊಂಡು ಅಂಟನ್ನು ಬಿಗಿ ಮಾಡುತ್ತದೆ. ಅದಕ್ಕೇ ಅಲ್ಲಿಯ ಅಡುಗೆಯವರು ಚಿಟಿಕೆ ಸೋಡ ಹಾಕುತ್ತಾರೆ. ಸೋಡದ ಕ್ಷಾರಗುಣವೂ, ಅದರಲ್ಲಿರುವ ಸೋಡಿಯಂ ಕ್ಯಾಲ್ಸಿಯಂನ ಜಾಗಕ್ಕೆ ಹೋಗಿ ಕೂರುವುದೂ ಎರಡೂ ಸೇರಿ ಬೇಳೆ ಮೆತ್ತಗಾಗುತ್ತದೆ. ಒಂದು ಅಯಾನು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವ ಈ ವ್ಯವಹಾರಕ್ಕೆ ಅಯಾನು ವಿನಿಮಯ ಎನ್ನುತ್ತಾರೆ.

ಗಡಸುತನ ಅಳೆಯುವವರು ನೀರಿನಲ್ಲಿರುವುದೆಲ್ಲ ಸುಣ್ಣದಕಲ್ಲೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟೇ ಎಂದು ಲೆಕ್ಕ ಹಿಡಿದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. 60ರೊಳಗಿದ್ದರೆ ಮೆದು ನೀರು. 120 ದಾಟಿದರೆ ಗಡಸು, 180 ದಾಟಿದರೆ ಬಲು ಗಡಸು. ನಮ್ಮ ದೇಶದ ಕುಡಿಯುವ ನೀರಿನ ಮಾನಕ, 2012ರ ಐಎಸ್ 10500, ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪುತ್ತದೆ; ಬೇರೆ ನೀರಿಲ್ಲದ ಕಡೆ 600ರವರೆಗೂ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಗಡಸುತನಕ್ಕೆ ಆರೋಗ್ಯದ ದೃಷ್ಟಿಯ ಮಿತಿಯನ್ನೇ ಹಾಕಿಲ್ಲ. ಗಡಸು ನೀರು ಕೆಡಿಸುವುದು ಹೆಚ್ಚಾಗಿ ಪೈಪು, ಗೀಸರು, ಬಟ್ಟೆ ಮತ್ತು ಅಡುಗೆಯ ಕೆಲಸವನ್ನು.

ಇನ್ನು ನಮ್ಮ ಕಡೆ ನೀರು ಯಾಕೆ ಮೆದು ಎಂಬುದನ್ನು ನೋಡೋಣ. ಮಳೆನೀರಿನಲ್ಲಿ ಸುಣ್ಣವಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಷ್ಟಿಷ್ಟು ಕರಗಿಸಿಕೊಂಡು, ಕಾಡಿನ ತರಗೆಲೆಯ ಮೇಲೆ ಬಿದ್ದು ಇನ್ನಷ್ಟು ಕರಗಿಸಿಕೊಂಡು, ಅದು ಸ್ವಲ್ಪ ಹುಳಿಯಾಗುತ್ತದೆ. ಈ ಹುಳಿ ನೀರು ಕಲ್ಲು ಮಣ್ಣುಗಳ ನಡುವೆ ಇಳಿಯುವಾಗ ಅಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಬಿಡಿಸಿಕೊಂಡು ಹೋಗುತ್ತದೆ. ಕಲಬುರಗಿಯ ಶಹಾಬಾದ್ ಕಡೆಯಂತೆ ನೆಲದಡಿ ಸುಣ್ಣದಕಲ್ಲೇ ಹಾಸಿದ್ದರೆ ಧಾರಾಳವಾಗಿ ಸಿಗುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಕಡೆ ನೀರು ಆವಿಯಾಗಿ ಲವಣ ಮಣ್ಣಿನಲ್ಲೇ ಉಳಿದು, ವರ್ಷ ವರ್ಷವೂ ಕೂಡಿಕೊಳ್ಳುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇದಕ್ಕೆ ತದ್ವಿರುದ್ಧ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅದಕ್ಕೆ ಸರಿಸಾಟಿ. ಇಂಥ ಮಳೆ ಲಕ್ಷಾಂತರ ವರ್ಷ ಸುರಿದು ಕಲ್ಲಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಪೊಟ್ಯಾಸಿಯಂ ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಸಾಗಿಸಿದೆ. ಹೋಗಲಾರದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಆ ಉಳಿಕೆಯೇ ನಾವು ಕಡಿದು ಗೋಡೆ ಕಟ್ಟುವ ಜಂಬಿಟ್ಟಿಗೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ 1801ರಲ್ಲಿ ನಮ್ಮ ಕಡೆಯ ನಗರ, ಇಕ್ಕೇರಿ ಎಂಬ ಊರುಗಳ ದಾರಿಯಲ್ಲೇ ಹಾದುಹೋದವನು. ಹೆಸರು ಕೊಟ್ಟದ್ದು ಮಾತ್ರ ಮಲಬಾರಿನಲ್ಲಿ ಕಂಡ ಕಲ್ಲಿಗೆ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ.

ತೊಳೆದು ಮುಗಿದ ಈ ನೆಲದ ಮೂಲಕ ಇಳಿದ ಮಳೆನೀರಿಗೆ ಹೊತ್ತುಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ. ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರಗಳನ್ನು ಹಾದು ಜೋಗಕ್ಕೆ ಧುಮುಕುವ ಶರಾವತಿಯ ನೀರು ಇಂಥದ್ದು. ತೀರ್ಥಹಳ್ಳಿಯ ತುಂಗೆಯೂ ಇಂಥದ್ದೇ. ತುಂಗೆಯ ನೀರು ಕುಡಿಯಲು ಶ್ರೇಷ್ಠ ಎಂಬ ಜನರ ಮಾತಿನ ಹಿಂದೆ ಈ ರಸಾಯನವೂ ಇದೆ ಎಂದೇ ನನ್ನ ನಂಬಿಕೆ. ಗುಡ್ಡದ ಅಬ್ಬಿಗೆ ಅಡಿಕೆ ದಂಬೆ ಜೋಡಿಸಿ ಬಚ್ಚಲಿನವರೆಗೆ ನೀರು ತರುತ್ತಿದ್ದ ಮನೆಗಳಲ್ಲಿ ಹಂಡೆಯ ಒಳಗೆ ಬಿಳಿ ಚಕ್ಕೆ ಕಂಡವರಿಲ್ಲ. ಸೀಗೆಪುಡಿ, ಅಂಟುವಾಳ ಹಾಗಿರಲಿ, ತೆಳುವಾಗಿ ಸವೆದ ಸೋಪಿನ ಚೂರೂ ಇಲ್ಲಿ ಕೈತುಂಬ ನೊರೆ ಕೊಡುತ್ತದೆ. ಸ್ನಾನ ಮಾಡಿ ಎಷ್ಟು ನೀರು ಹೊಯ್ದುಕೊಂಡರೂ ಜಾರು ಹೋಗುವುದಿಲ್ಲ ಎಂದು ಬೆಂಗಳೂರಿನ ನೆಂಟರು ದೂರುವುದೂ ಇದಕ್ಕೇ.

ಒಂದು ಎಚ್ಚರಿಕೆ ಹೇಳಬೇಕು. ಮೂರು ತಾಲ್ಲೂಕು ಎಂದರೆ ಎಲ್ಲ ಕಡೆಯೂ ಒಂದೇ ನೀರಲ್ಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ನೂರು ಕಿಲೋಮೀಟರಿಗಿಂತ ಕಡಿಮೆ ದೂರ. ಅಷ್ಟರೊಳಗೆ ಮಳೆ ಏಳರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಸಾಗರದ ಆನಂದಪುರ, ಹೊಸನಗರದ ರಿಪ್ಪನ್‌ಪೇಟೆ ಕಡೆ, ಅಂದರೆ ಮೂಡುಗಡೆಯ ಅರೆಮಲೆನಾಡಿನಲ್ಲಿ, ಜಂಬಿಟ್ಟಿಗೆ ದಾಟಿ ಕೆಳಗಿನ ಗಟ್ಟಿ ಕಲ್ಲಿನ ಬಿರುಕಿಗೆ ಇಳಿದ ಕೊಳವೆಬಾವಿಗಳ ನೀರು ತೆರೆದ ಬಾವಿಯ ನೀರಿಗಿಂತ ಗಡಸಾಗಿರಬಹುದು. ನೀರು ಕಲ್ಲಿನೊಡನೆ ಎಷ್ಟು ಹೆಚ್ಚು ಕಾಲ ಕಳೆಯುತ್ತದೋ ಅಷ್ಟು ಹೆಚ್ಚು ಕರಗಿಸಿಕೊಂಡಿರುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಯಂತ್ರ ಬೇಡ ಎನ್ನುವುದೂ ತಪ್ಪು, ಬೇಕು ಎನ್ನುವುದೂ ತಪ್ಪು.

ಈಗ ತೋಟಕ್ಕೆ ಹೋಗೋಣ. ಇಷ್ಟು ಮಳೆ ಸುರಿದರೆ ತೋಟಕ್ಕೆ ಹಾಕಿದ ಗೊಬ್ಬರದ ಸಾರವೆಲ್ಲ ಬಸಿಗಾಲುವೆ ಹಿಡಿದು ಹೋಗಿಬಿಡಬೇಕಲ್ಲವೇ? ಪೂರ್ತಿ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬ ಪ್ರಶ್ನೆಯಿಂದಲೇ ಅಯಾನು ವಿನಿಮಯದ ವಿಜ್ಞಾನ ಹುಟ್ಟಿತು. ಇಂಗ್ಲೆಂಡಿನ ಯಾರ್ಕ್‌ಶೈರಿನ ಎಚ್. ಎಸ್. ಥಾಂಪ್ಸನ್ ಎಂಬ ಕೃಷಿಕನಿಗೆ ಕೊಟ್ಟಿಗೆ ಗೊಬ್ಬರದ ಅಮೋನಿಯ ಮಳೆಗೆ ನಷ್ಟವಾಗುವುದರ ಚಿಂತೆ. 1845ರ ಸುಮಾರಿಗೆ ಅವನು ಮಣ್ಣು ತುಂಬಿದ ನಳಿಕೆಗೆ ಅಮೋನಿಯಂ ಸಲ್ಫೇಟಿನ ದ್ರಾವಣ ಹೊಯ್ಯಿಸಿ ನೋಡಿದ. ಕೆಳಗೆ ಬಂದ ನೀರಿನಲ್ಲಿ ಅಮೋನಿಯಂ ಇರಲಿಲ್ಲ. ಅದರ ಬದಲು ಕ್ಯಾಲ್ಸಿಯಂ ಸಲ್ಫೇಟ್ ಇತ್ತು. ಮಣ್ಣು ಅಮೋನಿಯಂ ಹಿಡಿದಿಟ್ಟುಕೊಂಡು ತನ್ನಲ್ಲಿದ್ದ ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನಜ್ಞ ಜೆ. ಥಾಮಸ್ ವೇ ಇದನ್ನು ಇನ್ನೂ ಕೂಲಂಕಷವಾಗಿ ಪರೀಕ್ಷಿಸಿ 1850ರಲ್ಲಿ ಪ್ರಕಟಿಸಿದ: ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ಲೆಕ್ಕ ಸರಿಸಮ, ಈ ಕೆಲಸ ಮಾಡುವುದು ಮಣ್ಣಿನೊಳಗಿನ ಜೇಡಿ. ಒಮ್ಮೆ ಕೊಟ್ಟದ್ದನ್ನು ಮಣ್ಣು ಮತ್ತೆ ಮರಳಿ ಪಡೆಯಲಾರದು ಎಂದು ವೇ ತಿಳಿದಿದ್ದ. 1858ರಲ್ಲಿ ಜರ್ಮನಿಯ ಐಕ್‌ಹಾರ್ನ್ ಜಿಯೋಲೈಟ್ ಎಂಬ ಖನಿಜಗಳಲ್ಲಿ ಈ ವಿನಿಮಯ ಎರಡೂ ದಿಕ್ಕಿಗೆ ನಡೆಯುತ್ತದೆಂದು ತೋರಿಸಿದ. ಇದು ಬಹಳ ದೊಡ್ಡ ಮಾತು. ಹಿಂದಕ್ಕೆ ತಿರುಗಿಸಲು ಬಾರದಿದ್ದರೆ ಇವತ್ತು ಯಾವ ಸಾಫ್ಟನರೂ ಎರಡನೇ ಸಲ ಕೆಲಸ ಮಾಡುತ್ತಿರಲಿಲ್ಲ.

ನಮ್ಮ ಜಂಬಿಟ್ಟಿಗೆ ನೆಲದ ಜೇಡಿ ಈ ವಿಷಯದಲ್ಲಿ ಬಡವ. ಅದರಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್. ಅಯಾನು ಹಿಡಿದಿಡುವ ಅದರ ಶಕ್ತಿ ಬಯಲಿನ ಎರೆಮಣ್ಣಿನ ಜೇಡಿಯ ಮುಂದೆ ಬಹಳ ಸಣ್ಣದು. ಹಾಗಿದ್ದೂ ಮಲೆನಾಡಿನ ತೋಟಗಳು ತಲೆಮಾರುಗಟ್ಟಲೆ ಫಸಲು ಕೊಟ್ಟಿವೆ. ಆ ಶಕ್ತಿ ಬಂದದ್ದು ಕೊಳೆತ ಸೊಪ್ಪಿನಿಂದ. ಚೆನ್ನಾಗಿ ಕೊಳೆತ ಎಲೆಗೊಬ್ಬರದ ಹ್ಯೂಮಸ್, ತೂಕಕ್ಕೆ ತೂಕ ಹೋಲಿಸಿದರೆ, ಕೆಯೊಲಿನೈಟಿಗಿಂತ ಹತ್ತಿಪ್ಪತ್ತು ಪಟ್ಟು ಅಯಾನು ಹಿಡಿಯಬಲ್ಲದು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ತೋಟಕ್ಕೆ ಹೊಂದಿ ಸೊಪ್ಪಿನಬೆಟ್ಟ ಇರುವುದು, ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಸಗಣಿ ಗಂಜಲದೊಡನೆ ಕಲೆತು, ಗೊಬ್ಬರವಾಗಿ ಮರದ ಬುಡಕ್ಕೆ ಹೋಗುವುದು, ಇದೆಲ್ಲ ಬರೀ ಸಾರಜನಕ ಒದಗಿಸುವ ಏರ್ಪಾಡಲ್ಲ. ಮಳೆಗೆ ಸಿಕ್ಕಿ ಹೋಗಬಹುದಾದ ಪೊಟ್ಯಾಸಿಯಂ, ಅಮೋನಿಯಂಗಳನ್ನು ಹಿಡಿದುಕೊಳ್ಳುವ ಜಾಗವನ್ನೇ ಅದು ಮಣ್ಣಿನಲ್ಲಿ ಹೊಸದಾಗಿ ಮಾಡಿಕೊಡುತ್ತದೆ. ಸೊಪ್ಪಿನಬೆಟ್ಟ ಬೋಳಾದರೆ, ಚೀಲದ ಗೊಬ್ಬರ ಎಷ್ಟು ಸುರಿದರೂ ಅದನ್ನು ಹಿಡಿದಿಡುವವರು ಯಾರು? ಬೆಟ್ಟವನ್ನು ಒತ್ತುವರಿಯಿಂದ, ಬೆಂಕಿಯಿಂದ ಉಳಿಸಿಕೊಳ್ಳಬೇಕೆಂದು ಹೇಳುವಾಗ ನಾನು ಈ ಕಾರಣವನ್ನು ಮೊದಲು ಇಡುತ್ತೇನೆ.

ಇನ್ನೊಂದು ಕಡೆಯಿಂದಲೂ ನೋಡಿ. ಕ್ಯಾಲ್ಸಿಯಂ ತೊಳೆದುಹೋದ ಮಣ್ಣಿನಲ್ಲಿ ಅದರ ಜಾಗಕ್ಕೆ ಹೈಡ್ರೋಜನ್, ಅಲ್ಯೂಮಿನಿಯಂ ಬಂದು ಕೂರುತ್ತವೆ. ಮಣ್ಣು ಹುಳಿಯಾಗುತ್ತದೆ. ಕರಗಿದ ಅಲ್ಯೂಮಿನಿಯಂ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಅದಕ್ಕೇ ಹುಳಿಮಣ್ಣಿನ ತೋಟಕ್ಕೆ ಸುಣ್ಣ ಹಾಕಿ ಎನ್ನುವುದು. ಸುಣ್ಣದ ಕ್ಯಾಲ್ಸಿಯಂ ಒಳಹೊಕ್ಕು ಅಲ್ಯೂಮಿನಿಯಂ, ಹೈಡ್ರೋಜನ್‌ಗಳನ್ನು ಎಬ್ಬಿಸಿ ಜಾಗ ಹಿಡಿಯುತ್ತದೆ. ಎದ್ದ ಹುಳಿಯನ್ನು ಸುಣ್ಣದ ಉಳಿದ ಭಾಗ ಕೊಲ್ಲುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ಹುಳಿಯನ್ನು ಸುಣ್ಣದ ತಿಳಿಯಿಂದ ಕೊಲ್ಲುವುದು ಗೊತ್ತಿರುವವರಿಗೆ ಇದು ಹೊಸದೇನಲ್ಲ. ಎಷ್ಟು ಸುಣ್ಣ ಎಂಬುದನ್ನು ಮಾತ್ರ ಮಣ್ಣು ಪರೀಕ್ಷೆಯ ಮೇಲೆಯೇ ತೀರ್ಮಾನಿಸಬೇಕು. ತೀರ್ಥಹಳ್ಳಿಯ ಸೀಬಿನಕೆರೆಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಕೇಳಲು ದೂರ ಹೋಗಬೇಕಾಗಿಲ್ಲ. ಬಯಲಿನವರು ನೀರಿನಿಂದ ಸುಣ್ಣ ತೆಗೆಯಲು ಹಣ ಸುರಿಯುತ್ತಿದ್ದರೆ ನಾವು ಮಣ್ಣಿಗೆ ಸುಣ್ಣ ಸೇರಿಸಲು ಹಣ ಕೊಡುತ್ತಿದ್ದೇವೆ, ಮತ್ತು ಎರಡೂ ನಡೆಯುವುದು ಒಂದೇ ನಿಯಮದಿಂದ.

ಈಗ ಆ ಪೀಪಾಯಿಯನ್ನು ಬಿಚ್ಚಿ ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಜಿಯೋಲೈಟನ್ನು ಹೋಲುವ ವಸ್ತುವನ್ನು ಕಾರ್ಖಾನೆಯಲ್ಲೇ ತಯಾರಿಸಿ ನೀರು ಮೆದು ಮಾಡಲು ಬಳಸಿದ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬಿಬ್ಬರು ಕೃತಕ ರಾಳ ಇದೇ ಕೆಲಸ ಮಾಡಬಲ್ಲದೆಂದು ಪ್ರಕಟಿಸಿದರು. ಪುಡಿ ಮಾಡಿದ ಗ್ರಾಮಫೋನ್ ತಟ್ಟೆಗಳಲ್ಲಿ ಈ ಗುಣ ಕಂಡದ್ದೇ ಅವರಿಗೆ ದಾರಿ ತೋರಿಸಿತು ಎಂದು ಹೇಳುವುದುಂಟು. 1940ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಸ್ಟೈರೀನ್ ರಾಳ ಬಂತು. ಇವತ್ತಿಗೂ ಪೀಪಾಯಿಯೊಳಗೆ ಇರುವುದು ಅದೇ: ಸಾಸಿವೆಗಿಂತ ಸಣ್ಣ, ಹೊಂಬಣ್ಣದ ಮಣಿಗಳು. ಒಂದೊಂದು ಮಣಿಯ ಒಳಗೂ ಹೊರಗೂ ಋಣ ವಿದ್ಯುದಂಶದ ಅಸಂಖ್ಯ ತಾಣಗಳು, ಪ್ರತಿಯೊಂದಕ್ಕೂ ಒಂದು ಸೋಡಿಯಂ. ಗಡಸು ನೀರು ಈ ಮಣಿಗಳ ನಡುವೆ ಇಳಿದಾಗ ಎರಡು ಧನಾಂಶವಿರುವ ಒಂದು ಕ್ಯಾಲ್ಸಿಯಂ, ಒಂದೊಂದೇ ಧನಾಂಶವಿರುವ ಎರಡು ಸೋಡಿಯಂಗಳನ್ನು ಬಿಡಿಸಿ ಎರಡು ತಾಣ ಹಿಡಿದು ನಿಲ್ಲುತ್ತದೆ. ಕೆಳಗಿನಿಂದ ಹೊರಬರುವ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ, ಸೋಡಿಯಂ ಇದೆ. ತಾಣಗಳೆಲ್ಲ ತುಂಬಿದ ಮೇಲೆ ಸುಮಾರು ನೂರಕ್ಕೆ ಹತ್ತರಷ್ಟು ಉಪ್ಪು ಕದಡಿದ ನೀರು ಹಾಯಿಸಬೇಕು. ಆಗ ಸೋಡಿಯಂನ ದಂಡೇ ಬಂದು, ಬಿಗಿಯಾಗಿ ಕೂತ ಕ್ಯಾಲ್ಸಿಯಂನ್ನೂ ಏಳಿಸುತ್ತದೆ. ಐಕ್‌ಹಾರ್ನ್ ಕಂಡ ಹಿಮ್ಮುಖ ವ್ಯವಹಾರ ಇದೇ.

ಲೆಕ್ಕ ಹಾಕೋಣ. ಬೆಂಗಳೂರಿನ ಹೊರವಲಯದ ಒಂದು ಮನೆ, ಕೊಳವೆಬಾವಿಯ ನೀರು, ಗಡಸುತನ ಲೀಟರಿಗೆ 400 ಮಿಲಿಗ್ರಾಂ, ದಿನಕ್ಕೆ 500 ಲೀಟರ್ ಬಳಕೆ ಎಂದಿಟ್ಟುಕೊಳ್ಳಿ. ದಿನಕ್ಕೆ 200 ಗ್ರಾಂ ಸುಣ್ಣದಕಲ್ಲಿನಷ್ಟು ಗಡಸು ತೆಗೆಯಬೇಕು. ಒಂದು ಲೀಟರ್ ರಾಳ ಒಂದು ಸರದಿಗೆ ಸುಮಾರು 50 ಗ್ರಾಂ ಹಿಡಿಯುತ್ತದೆ. 25 ಲೀಟರ್ ರಾಳವಿದ್ದರೆ ಆರು ದಿನಕ್ಕೊಮ್ಮೆ ಉಪ್ಪುನೀರಿನ ಸರದಿ. ಪ್ರತಿ ಸಲ ಸುಮಾರು 3 ಕಿಲೋ ಉಪ್ಪು, ತಿಂಗಳಿಗೆ 15 ಕಿಲೋ. ಅಲ್ಲಿಯ ಗೀಸರು, ಸೋಲಾರಿನ ಕೊಳವೆಗಳು ಉಳಿಯುವುದನ್ನು ನೋಡಿದರೆ ಈ ಖರ್ಚು ಸಾರ್ಥಕ. ಆದರೆ ಆ ಮೆದುವಾದ ಪ್ರತಿ ಲೀಟರಿಗೂ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರಿರುವ ಮನೆಯಲ್ಲಿ ಕುಡಿಯಲು, ಅಡುಗೆಗೆ ಯಂತ್ರಕ್ಕೆ ಹೋಗದ ಬೇರೆ ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಅದೇ ಯಂತ್ರವನ್ನು ನಮ್ಮ ಅಬ್ಬಿ ನೀರಿಗೆ ಇಟ್ಟರೆ? ಹಿಡಿಯಲು ಕ್ಯಾಲ್ಸಿಯಂ ಇಲ್ಲ. ಗಡಿಯಾರದ ಲೆಕ್ಕಕ್ಕೆ ತಾನಾಗಿ ತಿರುಗುವ ಕವಾಟವಾದರೆ ಉಪ್ಪು ಮಾತ್ರ ತಪ್ಪದೆ ಖರ್ಚಾಗುತ್ತದೆ. ಆ ಉಪ್ಪುನೀರು ಹೋಗುವುದೆಲ್ಲಿಗೆ? ನಗರದಲ್ಲಿ ಒಳಚರಂಡಿಗೆ. ನಮ್ಮಲ್ಲಿ ಹಿತ್ತಲಿನ ಬಾಳೆಬುಡಕ್ಕೆ, ಅಲ್ಲಿಂದ ತೋಟದ ಕಾಲುವೆಗೆ. ಸೋಡಿಯಂ ಬಂದು ಮಣ್ಣಿನಲ್ಲಿ ಉಳಿದಿದ್ದ ಅಷ್ಟಿಷ್ಟು ಕ್ಯಾಲ್ಸಿಯಂನ್ನೂ ಓಡಿಸುತ್ತದೆ; ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸಂದು ಮುಚ್ಚಿಕೊಳ್ಳುತ್ತದೆ. ಸುಣ್ಣ ಹಾಕಿ ಮಾಡಿದ ಕೆಲಸವನ್ನು ನಾವೇ ಹಣ ಕೊಟ್ಟು ಕೆಡಿಸಿದಂತೆ.

ಮಾರಲು ಬರುವವರು ತೋರಿಸುವ ಎರಡು ಪರೀಕ್ಷೆಗಳ ಬಗ್ಗೆ ಎಚ್ಚರವಿರಲಿ. ಒಂದು, ಲೇಖನಿಯಂಥ ಟಿಡಿಎಸ್ ಮೀಟರು. ಅದು ನೀರಿನ ವಿದ್ಯುದ್ವಾಹಕತೆ ಅಳೆದು ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಗಡಸುತನವನ್ನು ಅಲ್ಲ. ಸಾಫ್ಟನರ್ ಒಂದು ಲವಣಕ್ಕೆ ಬದಲು ಇನ್ನೊಂದು ಕೊಡುವುದರಿಂದ ಆ ಅಂಕಿ ಕಡಿಮೆಯಾಗುವುದೂ ಇಲ್ಲ. ಎರಡನೆಯದು, ಲೋಟದ ನೀರಿಗೆ ಎರಡು ಜೊತೆ ಕಡ್ಡಿ ಇಳಿಸಿ ಕರೆಂಟು ಹಾಯಿಸುವುದು. ನಿಮ್ಮ ನೀರು ಕಂದು ಕೆಸರಾಗುತ್ತದೆ, ಅವರ ನೀರು ತಿಳಿಯಾಗಿ ಉಳಿಯುತ್ತದೆ. ಆ ಕೆಸರು ನೀರಿನದ್ದಲ್ಲ, ಕಬ್ಬಿಣದ ಕಡ್ಡಿ ಕರಗಿ ಬಂದದ್ದು. ಲವಣವಿರುವ ಯಾವ ಒಳ್ಳೆಯ ನೀರೂ ಹಾಗೆಯೇ ಆಗುತ್ತದೆ. ನೀರನ್ನು ಪೊರೆಯ ಮೂಲಕ ಸೋಸುವ ಆರ್‌ಓ ಯಂತ್ರದ ಮಾತು ಬಂದರೆ ಇದನ್ನೂ ನೆನಪಿಡಿ: ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಓ ಬಳಸುವುದನ್ನು ನಿಷೇಧಿಸಬೇಕೆಂದು 2019ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಸಚಿವಾಲಯಕ್ಕೆ ನಿರ್ದೇಶಿಸಿತ್ತು.

ಹಾಗಾದರೆ ನಮ್ಮ ನೀರಿನಲ್ಲಿ ತೊಂದರೆ ಇಲ್ಲವೇ? ಇದೆ, ಅದು ಕಬ್ಬಿಣ. ಆಳದ ಕೊಳವೆಬಾವಿಯಿಂದ ಎತ್ತಿದ ನೀರು ಕೊಡಕ್ಕೆ ಬೀಳುವಾಗ ಕನ್ನಡಿಯಂತಿರುತ್ತದೆ. ಅರ್ಧ ಗಂಟೆ ಕಳೆದರೆ ಕೆಂಪಗೆ ತಿರುಗಿ, ಬೆಳಗಾಗುವುದರೊಳಗೆ ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ. ನೆಲದಾಳದಲ್ಲಿ ಆಮ್ಲಜನಕವಿಲ್ಲದೆ ಕಬ್ಬಿಣ ಕರಗುವ ರೂಪದಲ್ಲಿರುತ್ತದೆ. ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಪಂಚೆಯ ಮೇಲೆ, ಬಚ್ಚಲಿನ ಟೈಲ್ಸಿನ ಮೇಲೆ ಕಲೆ. ಇಂಥ ನೀರಿನಲ್ಲಿ ಚಹಾ ಮಾಡಿದರೆ ಅದರ ಟ್ಯಾನಿನ್ ಎಂಬ ಚೊಗರು ಕಬ್ಬಿಣದೊಡನೆ ಸೇರಿ ಕಪ್ಪಿಡುತ್ತದೆ. ಅಡಿಕೆಯ ಚೊಗರು ಕಬ್ಬಿಣದ ಕತ್ತಿಗೆ ತಾಗಿ ಕಪ್ಪಾಗುವುದೂ ಇದೇ ಟ್ಯಾನಿನ್ನಿನ ಕೆಲಸ. ಬಸಿಗಾಲುವೆಯ ಉಜರು ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪದರ ಕಂಡು ಯಾರೋ ಡೀಸೆಲ್ ಚೆಲ್ಲಿದ್ದಾರೆಂದು ಹೆದರುವವರುಂಟು. ಕಡ್ಡಿಯಿಂದ ಮುಟ್ಟಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ್ದಾದರೆ ಚೂರು ಚೂರಾಗಿ ಒಡೆದು ಹಾಗೇ ಉಳಿಯುತ್ತದೆ.

ಈ ಕಬ್ಬಿಣವನ್ನೂ ನಮ್ಮ ಸಾಫ್ಟನರ್ ತೆಗೆಯುತ್ತದೆ ಎಂದು ಹೇಳಿ ಮಾರುವುದಿದೆ. ಕರಗಿದ ಕಬ್ಬಿಣವನ್ನು ರಾಳ ಸ್ವಲ್ಪ ಮಟ್ಟಿಗೆ ಹಿಡಿಯುವುದು ನಿಜ. ಆದರೆ ಪೈಪಿನಲ್ಲಿ ಗಾಳಿ ತಾಗಿ ತುಕ್ಕಾದ ಕಬ್ಬಿಣ ಮಣಿಗಳ ಮೇಲೆ, ಅವುಗಳ ರಂಧ್ರಗಳಲ್ಲಿ ಮೆತ್ತಿಕೊಂಡರೆ ಉಪ್ಪುನೀರಿಗೆ ಅದು ಬಿಡುವುದಿಲ್ಲ. ದುಬಾರಿ ರಾಳ ಸತ್ತು ಹೋಗುತ್ತದೆ. ಕಬ್ಬಿಣಕ್ಕೆ ಮದ್ದು ಗಾಳಿ ಮತ್ತು ಮರಳು. ನೀರನ್ನು ಎತ್ತರದಿಂದ ತೂತಿನ ತಟ್ಟೆಗಳ ಮೇಲೆ ತುಂತುರಾಗಿ ಇಳಿಸಿ, ತೊಟ್ಟಿಯಲ್ಲಿ ನಿಲ್ಲಲು ಬಿಟ್ಟು, ಮರಳಿನ ಹಾಸಿನ ಮೂಲಕ ಸೋಸಬೇಕು. ಇಲ್ಲಿ ನಮ್ಮ ನೀರಿನ ಹುಳಿ ಅಡ್ಡ ಬರುತ್ತದೆ. ಹುಳಿ ನೀರಿನಲ್ಲಿ ಕಬ್ಬಿಣ ತುಕ್ಕಾಗುವುದು ಬಹಳ ನಿಧಾನ. ಹುಳಿ ಕಡಿಮೆಯಾದಂತೆ ಏರುವ ಪಿಎಚ್ ಎಂಬ ಅಳತೆ ಒಂದಂಶ ಏರಿದರೆ ಆ ವೇಗ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಅದಕ್ಕಾಗಿ ಮರಳಿನ ಮುಂದೆ ಸುಣ್ಣದಕಲ್ಲಿನ ಸಣ್ಣ ಜಲ್ಲಿಯ ಹಾಸು ಹಾಕುತ್ತಾರೆ. ಹುಳಿ ನೀರು ಆ ಜಲ್ಲಿಯನ್ನು ತಿಂದು ತಾನು ಸೌಮ್ಯವಾಗುತ್ತದೆ, ಜೊತೆಗೆ ಸ್ವಲ್ಪ ಗಡಸೂ ಆಗುತ್ತದೆ. ತಾಮ್ರದ ಪೈಪಿನ ಮನೆಯ ಬೇಸಿನ್ನಿನಲ್ಲಿ ನೀಲಿ ಹಸಿರು ಕಲೆ ಬರುವುದು, ಜಿಐ ಪೈಪು ಬೇಗ ತೂತಾಗುವುದು, ಸಿಮೆಂಟು ತೊಟ್ಟಿಯ ಒಳಮೈ ಒರಟಾಗುವುದು ಇವೂ ನೀರು ಅತಿ ಮೆದುವಾಗಿ ಹುಳಿಯಾಗಿರುವುದರ ಗುರುತು. ಅವಕ್ಕೂ ಇದೇ ಸುಣ್ಣದಕಲ್ಲಿನ ಹಾಸು ಪರಿಹಾರ. ಅಂದರೆ ಮಲೆನಾಡಿನ ಹಲವು ಮನೆಗಳಿಗೆ ಬೇಕಾಗಿರುವುದು ಸಾಫ್ಟನರಿನ ನೇರ ವಿರುದ್ಧದ ಯಂತ್ರ.

ನಿಮ್ಮ ಮನೆಯ ನೀರು ಯಾವ ಜಾತಿ ಎಂದು ತಿಳಿಯುವುದು ಸುಲಭ. ಒಂದೇ ಅಳತೆಯ ಎರಡು ಬಾಟಲಿಗೆ ಅರ್ಧರ್ಧ, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ನಿಮ್ಮ ನೀರು ಹಾಕಿ. ಬಾರ್ ಸೋಪಿನ ಒಂದೇ ಗಾತ್ರದ ಚೂರು ಹಾಕಿ ಕುಲುಕಿ. ಎರಡರಲ್ಲೂ ನೊರೆ ಸಮನಾಗಿ ನಿಂತರೆ ಸಾಫ್ಟನರಿನ ಮಾತು ಅಲ್ಲಿಗೆ ಬಿಡಿ. ಪುಡಿ ಸೋಪು, ದ್ರವ ಸೋಪು ಇದಕ್ಕಾಗದು, ಅವು ಗಡಸು ನೀರಿನಲ್ಲೂ ನೊರೆ ಕೊಡುವಂಥವು. ಅಂಕಿಯೇ ಬೇಕೆಂದರೆ ಜಲಜೀವನ್ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೆ ಅದನ್ನು ಬಳಸುವ ತರಬೇತಿಯನ್ನೂ ಕೊಟ್ಟಿದ್ದಾರೆ. ಗಡಸುತನ, ಕಬ್ಬಿಣ, ಪಿಎಚ್ ಮೂರೂ ಅದರಲ್ಲಿ ನೋಡಬಹುದು. ಮೇ ತಿಂಗಳ ಕೊನೆಗೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ನೋಡಿಸಿ. ಬೇಸಗೆಯ ನೀರೇ ಬೇರೆ, ಮಳೆ ಕಳೆದ ಮೇಲಿನ ನೀರೇ ಬೇರೆ.

ಕೊನೆಯದಾಗಿ, ಈ ತಾಲ್ಲೂಕುಗಳಲ್ಲಿ ಅಯಾನು ವಿನಿಮಯದ ಯಂತ್ರ ಇರಲೇಬೇಕಾದ ಒಂದು ಜಾಗವಿದೆ: ಆಸ್ಪತ್ರೆಯ ಡಯಾಲಿಸಿಸ್ ಘಟಕ. ಮೂತ್ರಪಿಂಡ ಸೋತವರ ರಕ್ತವನ್ನು ತೆಳುಪೊರೆಯ ಆಚೆ ಹರಿಯುವ ನೀರಿನಿಂದ ಶುದ್ಧ ಮಾಡುತ್ತಾರೆ. ನಾಲ್ಕು ತಾಸಿನ ಒಂದು ಸರದಿಗೆ ಸುಮಾರು 120 ಲೀಟರ್ ನೀರು ರಕ್ತದ ಪಕ್ಕದಲ್ಲೇ ಹಾದುಹೋಗುತ್ತದೆ. ನಾವು ಕುಡಿದ ನೀರಿನ ಕ್ಯಾಲ್ಸಿಯಂನ್ನು ಕರುಳು ಬೇಕಾದಷ್ಟೇ ಒಳಕ್ಕೆ ಬಿಡುತ್ತದೆ; ಅಲ್ಲಿ ಅಂಥ ಕಾವಲಿಲ್ಲ. ಯಂತ್ರ ಕೆಟ್ಟು ಗಡಸು ನೀರು ಹೋದಾಗ ರೋಗಿಗಳಿಗೆ ವಾಂತಿ, ತಲೆನೋವು, ರಕ್ತದೊತ್ತಡದ ಏರಿಕೆ ಬಂದದ್ದನ್ನು ವೈದ್ಯರು 1967ರಲ್ಲೇ ದಾಖಲಿಸಿದ್ದಾರೆ. ಆದ್ದರಿಂದ ಅಲ್ಲಿ ಮೊದಲು ಸಾಫ್ಟನರ್, ಕ್ಲೋರಿನ್ ತೆಗೆಯಲು ಇದ್ದಲಿನ ಸೋಸುಕ, ಆಮೇಲೆ ಆರ್‌ಓ ಹೀಗೆ ಸಾಲಾಗಿ ಇಡುತ್ತಾರೆ. ಸಾಫ್ಟನರಿನ ಉಪ್ಪು ಮುಗಿದರೆ ಆರ್‌ಓ ಪೊರೆಗೆ ಸುಣ್ಣ ಕಟ್ಟಿ ಅದೂ ಸೋಲುತ್ತದೆ. ನಮ್ಮ ಊರಿನ ನೀರು ಹೇಗೂ ಮೆದು ಎಂದು ಅಲ್ಲಿ ಸುಮ್ಮನಿರುವಂತಿಲ್ಲ. ಬೇಸಗೆಯಲ್ಲಿ ಟ್ಯಾಂಕರ್ ನೀರು ಯಾವ ಬಾವಿಯಿಂದ ಬಂದದ್ದೋ. ಅಲ್ಲಿ ಕೆಲಸ ಮಾಡುವ ತಂತ್ರಜ್ಞರು ದಿನವೂ ಸಾಫ್ಟನರಿನಿಂದ ಹೊರಬಂದ ನೀರಿಗೆ ಸೂಚಕದ ಹನಿ ಹಾಕಿ ನೋಡಬೇಕು. ನೀಲಿ ಬಂದರೆ ಸರಿ, ಕೆಂಪು ಬಂದರೆ ಆ ಹೊತ್ತೇ ಡಯಾಲಿಸಿಸ್‌ಗೆ ನೀರು ಹೋಗುವುದನ್ನು ನಿಲ್ಲಿಸಿ, ಸಾಫ್ಟನರಿನ ರಾಳಕ್ಕೆ ಉಪ್ಪುನೀರು ಹಾಯಿಸಬೇಕು. ಮನೆಯವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವರು ಇವತ್ತು ನೀರು ನೋಡಿದಿರಾ ಎಂದು ಒಂದು ಮಾತು ಕೇಳಿದರೆ ತಪ್ಪಿಲ್ಲ.